ನಮ್ಮ ಬಡಾವಣೆಗೆ ಗುಳೆ ಬಂದವರ ಬಗ್ಗೆ

ಗೆಳೆಯರೇ, ಕೆರೆ ಪಕ್ಕದ ಖಾಲಿ ಸೈಟಿನಲ್ಲಿ ಟಾರ್ಪಾಲಿನ ಗುಡಿಸಲುಗಳು ಎದ್ದಿರುವುದನ್ನು ನೋಡಿರುತ್ತೀರಿ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು. "ಇವರನ್ನು ಓಡಿಸಿ" ಎಂದು ನಿನ್ನೆ ಇಲ್ಲಿ ಮೆಸೇಜ್ ಬಂದಿತ್ತು. ಓದಿ ಬೇಜಾರಾಯಿತು.

ಅಲ್ಲಿ ಎಷ್ಟೋ ಹೊಲಗಳು ಮಳೆಯನ್ನೇ ನಂಬಿವೆ. ತೊಗರಿ, ಜೋಳ ಒಣಗಿದರೆ ಕೂಲಿಯೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಬರದ ವರ್ಷ ಮಾಡಿದ ಸಾಲ, ಮಳೆ ಬಂದ ಮೇಲೂ ಊರು ಬಿಡಿಸುತ್ತದೆ. ವಯಸ್ಸಾದವರನ್ನು ಊರಲ್ಲೇ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಯಾರೂ ಸುಮ್ನೆ ಬರುವುದಿಲ್ಲ.

ಸಿಕ್ಕಾಗ ಅವರಿಗೆ ತಿಳಿಸಿ: ರೇಷನ್ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಮಕ್ಕಳನ್ನು ವರ್ಷದ ಮಧ್ಯೆಯೂ ಸರ್ಕಾರಿ ಶಾಲೆಗೆ ಸೇರಿಸಬಹುದು. ಟಿಸಿ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಈಗ ನೀರಿನ ಕಷ್ಟವೇ ಜಾಸ್ತಿ. ಪಾರ್ಕಿನ ನಲ್ಲಿಯನ್ನು ಬೆಳಿಗ್ಗೆ 6ರಿಂದ 7ರವರೆಗೆ ಅವರಿಗೆ ಬಿಡಬಹುದು, ಅಲ್ವಾ? ರಾತ್ರಿಯೊಳಗೆ ನಿಮ್ಮ ಅಭಿಪ್ರಾಯ ಹೇಳಿ. ಸೋಮವಾರ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಜೊತೆಗೆ ಯಾರಾದರೂ ಒಬ್ಬರು ಬನ್ನಿ.