ಅಡ್ಡ ಬರುವ ಹುಡುಗ

ಪ್ರೀತಿಯ ತಮ್ಮಾ,

ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಹಳೆ ವಿಡಿಯೊ ಕ್ಯಾಸೆಟ್ಟಿನಲ್ಲಿ ಆರು ವರ್ಷದ ನಿನ್ನನ್ನು ನೀನೇ ನೋಡಿದ್ದು. ಚೆನ್ನಾಗಿ ಶುರುವಾಗಿದೆ. ಆದರೆ ಮೂರನೇ ಪ್ಯಾರಾಕ್ಕೇ ‘ಆ ಮುಗ್ಧ ಮಗು’ ಅಂತ ಬಂತು ನೋಡು, ಅಲ್ಲಿಗೆ ನೀನು ಟಿವಿ ನೋಡುವುದು ಬಿಟ್ಟು ನಿನ್ನ ಮೇಲೆ ನೀನೇ ಮರುಗುತ್ತ ಕೂತಿದ್ದೀಯ.

ನನ್ನದು ಹೇಳ್ತೀನಿ ಕೇಳು. ಚಿಕ್ಕಂದಿನಲ್ಲಿ ನಾನು ಸಂಕೋಚದ ಮುದ್ದೆ ಅಂತಲೇ ನಂಬಿದ್ದೆ. ಅದನ್ನೇ ಇಟ್ಟುಕೊಂಡು ಮೂರ್ನಾಲ್ಕು ಕತೆ ಬರೆದೆ, ಒಂದೆರಡು ಭಾಷಣವನ್ನೂ ಹೊಡೆದೆ. ಆಮೇಲೆ ಸಿಕ್ಕಿತು, 1992ರಲ್ಲಿ ತೀರ್ಥಹಳ್ಳಿಯಲ್ಲಿ ನಡೆದ ಅತ್ತೆಯ ಮದುವೆ ಕ್ಯಾಸೆಟ್. ಹಾಕಿ ನೋಡಿದರೆ, ಲೈಟ್ ಹಿಡಿದ ಹುಡುಗ ಎಲ್ಲಿಗೆ ಹೋದರೆ ಅಲ್ಲಿ ಹತ್ತು ವರ್ಷದ ನಾನು. ಧಾರೆ ಎರೆಯುವಾಗ ಪುರೋಹಿತರ ಹೆಗಲ ಸಂದಿಯಲ್ಲಿ ನಾನು, ಪಂಕ್ತಿಯಲ್ಲಿ ಹೋಳಿಗೆ ಎತ್ತಿ ತೋರಿಸುತ್ತ ನಾನು. ಒಂದು ಕಡೆ ದೊಡ್ಡಪ್ಪನ ಮಗಳು, ನನಗಿಂತ ಚಿಕ್ಕವಳು, ಕ್ಯಾಮೆರಾ ಮುಂದೆ ಬಂದು ನಿಂತರೆ ಮೊಣಕೈಯಲ್ಲಿ ತಿವಿದು ಆಚೆ ತಳ್ಳುತ್ತೇನೆ. ಅವಳು ಅಳುವುದಿಲ್ಲ. ಲಂಗ ಸರಿ ಮಾಡಿಕೊಂಡು ಏನೋ ಹೇಳುತ್ತಾಳೆ. ಏನು ಅಂತ ಕೇಳಿಸುವುದಿಲ್ಲ, ಯಾಕಂದರೆ ಸ್ಟುಡಿಯೊದವರು ಮಿಕ್ಸಿಂಗ್ ಮಾಡುವಾಗ ಮದುವೆಮನೆಯ ಸದ್ದನ್ನೆಲ್ಲ ಅಳಿಸಿ ಸಿನಿಮಾ ಹಾಡು ತುಂಬಿದ್ದಾರೆ. (ಹೃದಯದ ಆಕಾರದೊಳಗೆ ಅತ್ತೆಯ ಮುಖ ಬೇರೆ!)

ಇಂಥ ಜಾಗದಲ್ಲೇ ನಾವು ಜಾರುವುದು. ಸದ್ದಿಲ್ಲದ ಬಾಯಿಗೆ ಮಾತು ತುಂಬಿಬಿಡುತ್ತೇವೆ. ನೀನು ಅಜ್ಜಿಯ ಬಾಯಿಗೆ ಅಷ್ಟುದ್ದದ ಮಾತು ಹಾಕಿದ್ದೀಯಲ್ಲ, ಅದು ಅಜ್ಜಿಯದಲ್ಲ, ಕಾಲೇಜು ಓದಿದ ನಿನ್ನದು. ತೆಗೆದುಬಿಡು. ತುಟಿ ಅಲ್ಲಾಡಿತು, ಕೇಳಿಸಲಿಲ್ಲ ಅಂತ ಬರಿ, ಸಾಕು.

ಆ ವಿಡಿಯೊದವನಿಗೆ ನನ್ನ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವನ ಪಾಲಿಗೆ ನಾನು ಅಡ್ಡ ಬರುವ ಹುಡುಗ, ಅಷ್ಟೆ. ಒಂದು ಪ್ಯಾರಾ ಆದರೂ ಹಾಗೆ ಬರೆದು ನೋಡು, ಸುಮ್ನೆ. ಕಷ್ಟ. ನನಗೆ ಆರು ತಿಂಗಳು ಹಿಡಿಯಿತು, ಆ ಮೊಣಕೈಯನ್ನು ‘ಮಕ್ಕಳಾಟ’ ಅಂತ ಕರೆಯದೆ ಬರೆಯುವುದಕ್ಕೆ. ಬರೆದ ಮೇಲೆ ಆ ತಂಗಿಗೆ, ದೊಡ್ಡಪ್ಪನ ಮಗಳಿಗೆ, ಫೋನ್ ಮಾಡಿದೆ. ತಳ್ಳಿದ್ದು ಚೆನ್ನಾಗಿ ನೆನಪಿದೆಯಂತೆ. ಏನು ಅಂದಿದ್ದೆ ಅಂತ ಕೇಳಿದರೆ, ‘ಬೈದಿರ್ತೀನಿ ಬಿಡು’ ಅಂದಳು.

ನಿಮ್ಮ ಮನೆ ಅಟ್ಟದಲ್ಲಿ ಇನ್ನೂ ಎರಡು ಕ್ಯಾಸೆಟ್ ಇವೆ ಅಂದಿದ್ದೆ ಅಲ್ವಾ? ಬೂಷ್ಟು ಹಿಡಿದಿದ್ದರೆ ವಿಸಿಆರಿಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಹಾಕಲೇಬೇಡ. ಒಳಗೆ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡರೆ ಟೇಪೂ ಹಾಳು, ವಿಸಿಆರೂ ಹಾಳು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಮಾಡುವವರೇ ಇಲ್ಲ. ಗೊತ್ತಿರುವ ಅಂಗಡಿಗೆ ಕೊಟ್ಟು, ಕ್ಲೀನ್ ಮಾಡಿಸಿ, ಪೆನ್‌ಡ್ರೈವಿಗೆ ಹಾಕಿಸಿಕೋ. ಮಳೆ ಶುರುವಾಗುವ ಮೊದಲು. ಹಾಡು ಮ್ಯೂಟ್ ಮಾಡಿ ನೋಡು, ಮೊದಲ ಸಲ ನಿನ್ನ ಪಕ್ಕದಲ್ಲಿ ನಿಂತವರನ್ನು ಮಾತ್ರ. ಅಜ್ಜಿಯ ಭಾಗ ತಿದ್ದಿ ಕಳಿಸು.