ಮೊದಲ ಡ್ರಿಪ್‌ಗೆ ಮುಂಚೆ

ಪಿ.ಜೆ. ಬಡಾವಣೆ, ದಾವಣಗೆರೆ

ಪ್ರೀತಿಯ ಮಂಜುಗೆ ಮಾವ ಮಾಡುವ ಆಶೀರ್ವಾದಗಳು.

ಬರುವ ವಾರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಶುರು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ನಿನಗೆ ಬಂದಿರುವ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಔಷಧಿಗೆ ಚೆನ್ನಾಗಿ ಬಗ್ಗುವ ಕಾಯಿಲೆ. ನೀನು ಗುಣವಾಗುತ್ತೀಯ ಅನ್ನೋ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಮ್ಮನ ಎದುರು ಆಡೋಕೆ ನಿನಗೆ ಸಂಕೋಚ ಆಗುತ್ತೆ, ಅದಕ್ಕೇ ಕಾಗದ.

ಮುಂದೆ ಮಕ್ಕಳು ಬೇಕೆನಿಸಿದಾಗ ಬೇಕಾಗುತ್ತದೆ, ಮೊದಲ ಡ್ರಿಪ್ ಹಾಕುವ ಮುಂಚೆ ನಿನ್ನ ವೀರ್ಯ ಫ್ರೀಜ್ ಮಾಡಿಸಿಡು. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೀಮೋ ಹೊಡೆಯುತ್ತದೆ. ವೀರ್ಯಾಣು ಹುಟ್ಟಿಸುವ ಕೋಶಗಳೂ ಅದರಲ್ಲಿ ಸೇರಿಹೋಗುತ್ತವೆ. ಕೆಲವರಿಗೆ ಒಂದೆರಡು ವರ್ಷದಲ್ಲಿ ಮತ್ತೆ ಸರಿಹೋಗುತ್ತದೆ, ಕೆಲವರಿಗೆ ಹೋಗುವುದೇ ಇಲ್ಲ. ಅದು ಯಾವ ಔಷಧಿ, ಎಷ್ಟು ಡೋಸ್ ಅನ್ನುವುದರ ಮೇಲಿದೆ. ಡ್ರಿಪ್ ಶುರುವಾದ ಮೇಲೆ ಕೊಟ್ಟ ಸ್ಯಾಂಪಲ್ ನಂಬುವಂತಿಲ್ಲ.

ನಾಚಿಕೊಳ್ಳಬೇಡ ಮಂಜು. ನಾನು ಲ್ಯಾಬಿನಲ್ಲೇ ತಲೆ ಹಣ್ಣು ಮಾಡಿಕೊಂಡವನು. ಅಲ್ಲಿನವರಿಗೆ ಇದು ದಿನದ ಕೆಲಸ. ಮೊದಲು ಎಚ್‌ಐವಿ, ಹೆಪಟೈಟಿಸ್‌ಗೆ ರಕ್ತ ಪರೀಕ್ಷೆ ಮಾಡುತ್ತಾರೆ. ಆಮೇಲೆ ಬಾಗಿಲು ಹಾಕಿಕೊಳ್ಳುವ ಒಂದು ರೂಮು, ಒಂದು ಡಬ್ಬಿ, ಅಷ್ಟೇ. ಎರಡು ಮೂರು ದಿನ ಮುಂಚಿನಿಂದ ವೀರ್ಯ ಹೋಗದಂತೆ ತಡೆದುಕೊಂಡಿರು. ಹೆಸರು, ಟೈಮ್ ಡಬ್ಬಿಯ ಮೈಮೇಲೆ ಬರೆಸು. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲು ಬದಲಾಗುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿದ್ದು ವರ್ಷಗಟ್ಟಲೆ ಕೆಡುವುದಿಲ್ಲ.

ಈ ಕಾಯಿಲೆಯಲ್ಲಿ ಕೀಮೋಗೆ ಮುಂಚೆಯೇ ವೀರ್ಯಾಣುಗಳ ಕೌಂಟ್ ಕಡಿಮೆ ಇರುವುದುಂಟು. ರಿಪೋರ್ಟ್ ನೋಡಿ ಎದೆ ಒಡೆದುಕೊಳ್ಳಬೇಡ. ವೀರ್ಯಾಣುವನ್ನು ಸೂಜಿಯಿಂದ ನೇರ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಆದರೆ ಟೈಮ್ ಇದ್ದರೆ ಒಂದು ದಿನ ಬಿಟ್ಟು ಇನ್ನೊಂದು ಸ್ಯಾಂಪಲ್ ಕೊಡು.

ವಾರ್ಡಿನಲ್ಲಿ ನಿನ್ನ ವಯಸ್ಸಿನ ಹುಡುಗಿಯರೂ ಇರುತ್ತಾರೆ. ಅವರಿಗೆ ಹತ್ತು ಹನ್ನೆರಡು ದಿನ ಇಂಜೆಕ್ಷನ್, ಸ್ಕ್ಯಾನ್, ಆಮೇಲೆ ಅನಸ್ತೇಷಿಯಾ ಕೊಟ್ಟು ಅಂಡಾಣು ತೆಗೆದು ಫ್ರೀಜ್ ಮಾಡಬೇಕು. ಮದುವೆಯಾದವರು ಭ್ರೂಣ ಮಾಡಿಸಿ ಇಡುವುದೂ ಉಂಟು. ಯಾರಾದರೂ ಮಾತಿಗೆ ಸಿಕ್ಕರೆ ಅವರ ಮನೆಯವರಿಗೂ ಹೇಳು. ಎಷ್ಟೋ ಜನಕ್ಕೆ ಇದನ್ನು ಕೇಳಬೇಕು ಅಂತಲೇ ಹೊಳೆದಿರುವುದಿಲ್ಲ.

ಕೃತಕ ಗರ್ಭಧಾರಣೆ ತಂತ್ರಜ್ಞಾನದ (ಎಆರ್‌ಟಿ) 2021ರ ಕಾನೂನಿನ ಪ್ರಕಾರ ನೋಂದಣಿ ಆಗಿರುವ ಕಡೆಯೇ ಇಡಿಸು. ನಿನಗೇನಾದರೂ ಆದರೆ ಇದನ್ನು ಏನು ಮಾಡಬೇಕು ಅಂತ ಫಾರಂನಲ್ಲಿ ಕೇಳುತ್ತಾರೆ. ಓದುವಾಗ ಹೊಟ್ಟೆ ತೊಳಸುತ್ತದೆ, ಆದರೂ ಓದಿಯೇ ಸಹಿ ಹಾಕು. ವರ್ಷ ವರ್ಷ ಕಟ್ಟುವ ದುಡ್ಡು ನನಗಿರಲಿ. ಅಪ್ಪನ ಹತ್ತಿರ ಕೇಳಬೇಡ, ಅವರಿಗೆ ಆಸ್ಪತ್ರೆ ಖರ್ಚೇ ಜಾಸ್ತಿ ಆಗಿದೆ.

ನಾಳೆಯೇ ಡಾಕ್ಟರ್‌ಗೆ ಫೋನ್ ಮಾಡಿ ಕೇಳು. ಅವರಾಗಿಯೇ ಹೇಳಲಿ ಅಂತ ಕಾಯಬೇಡ. ನಿನ್ನ ಜೊತೆ ಬೆಂಗಳೂರಿಗೆ ನಾನೇ ಬರುತ್ತೇನೆ.

ನಿನ್ನ ಮಾವ