ಕೆರೆ ಗೇಟಿಗೆ ಹಡಗಿನ ಬಣ್ಣ: ಬಳಿಯುವ ಮೊದಲಿನ ಕೆಲಸಕ್ಕೂ ಹಣ ಇಡಿ

ಮಾನ್ಯ ಸಂಪಾದಕರೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದ ಮೇಲೆ ಗೇಟುಗಳ ಬಗ್ಗೆ ಎಲ್ಲರಿಗೂ ಕಾಳಜಿ ಹುಟ್ಟಿದೆ, ಒಳ್ಳೆಯದೇ. ನಮ್ಮ ತುಮಕೂರು ಜಿಲ್ಲೆಯಲ್ಲಿ ಕೆರೆ ತೂಬುಗಳಿಗೂ ನಾಲೆಗಳಿಗೂ ಕಬ್ಬಿಣದ ಗೇಟುಗಳಿವೆ. ಹೆಚ್ಚಾದ ನೀರು ತಾನಾಗಿ ಹೊರಹೋಗುವ ಸೈಫನ್ ಇರುವ ಮಾರ್ಕೋನಹಳ್ಳಿ ಜಲಾಶಯದಲ್ಲೂ ನಾಲೆಗೆ ನೀರು ಬಿಡಲು ಗೇಟು ಬೇಕೇ ಬೇಕು. ಇವುಗಳ ದುರಸ್ತಿ ಎಂದಾಗ ಈಗ ಕೇಳಿಬರುವ ಸಲಹೆ ಒಂದೇ: ‘ಮರೈನ್ ಪೇಂಟ್ ಹೊಡೆಸಿ, ಹಡಗಿಗೆ ಹಾಕುವ ಸತುವಿನ ಗಟ್ಟಿ ಕೂರಿಸಿ.’ ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಮೊದಲು ಈಗ ನಡೆಯುತ್ತಿರುವ ಕೆಲಸ ನೋಡೋಣ. ವೈರ್ ಬ್ರಶ್ಶಿನಲ್ಲಿ ತುಕ್ಕು ಉಜ್ಜಿ, ಒಂದು ಕೋಟ್ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಎನಾಮೆಲ್. ಕಿಟಕಿಯ ಸರಳಿಗೆ ಇದು ಸಾಕು. ನೀರಿನಲ್ಲಿ ಮುಳುಗಿರುವ ಗೇಟಿಗೆ ಒಂದು ಮಳೆಗಾಲಕ್ಕೂ ಸಾಲದು. ಹಳೆಯ ಕಾಲದ ರೆಡ್ ಲೆಡ್ ಸೀಸದ ಬಣ್ಣ. ಅದಕ್ಕೆ ತುಕ್ಕನ್ನು ತಡೆಯುವ ರಾಸಾಯನಿಕ ಗುಣವಿತ್ತು. ಇಂದು ಅಂಗಡಿಯಲ್ಲಿ ಸಿಗುವ ಸಾದಾ ರೆಡ್ ಆಕ್ಸೈಡಿನ ಕೆಂಪು ಪುಡಿ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ದಾಯಾದಿ. ಬಣ್ಣ ಒಂದೇ ಆದ್ದರಿಂದ ಗುಣವೂ ಒಂದೇ ಎಂದು ಎಷ್ಟೋ ಜನ ನಂಬಿದ್ದಾರೆ. ಎನಾಮೆಲ್ ಎಣ್ಣೆ ಆಧಾರಿತ. ಸದಾ ನೀರಿನಲ್ಲಿದ್ದರೆ ಮೆತ್ತಗಾಗಿ ಸಿಪ್ಪೆಯಂತೆ ಎದ್ದು ಬರುತ್ತದೆ.

ಹಡಗಿನವರು ಏನು ಮಾಡುತ್ತಾರೆ? ಹಡಗಿನ ತೂಕ ಸರಿದೂಗಿಸಲು ಸಮುದ್ರದ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕುಗಳ ಬಣ್ಣಕ್ಕೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2006ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಬಣ್ಣ 15 ವರ್ಷ ಬಾಳಬೇಕೆಂಬುದು ಗುರಿ. ಅದರಲ್ಲಿ ಬಣ್ಣದ ಡಬ್ಬಿಗಿಂತ ಅದನ್ನು ತೆರೆಯುವ ಮೊದಲಿನ ಕೆಲಸದ ಮಾತೇ ಹೆಚ್ಚು. ಚೂಪಾದ ಅಂಚುಗಳನ್ನು 2 ಮಿ.ಮೀ. ತ್ರಿಜ್ಯಕ್ಕೆ ಗುಂಡಗೆ ಮಾಡಬೇಕು ಅಥವಾ ಮೂರು ಸಲ ಗ್ರೈಂಡರ್ ಓಡಿಸಬೇಕು. ಏಕೆಂದರೆ ಒದ್ದೆ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ತುಕ್ಕು ಮೊದಲು ಏಳುವುದೂ ಅಲ್ಲಿಂದಲೇ. ವೆಲ್ಡಿಂಗಿನಲ್ಲಿ ಸಿಡಿದು ಅಂಟಿದ ಹನಿಗಳು ಉಳಿಯಬಾರದು. ಎಸ್‌ಎ 2½ ಎಂಬ ಶುಚಿ ಮಟ್ಟಕ್ಕೆ ಬ್ಲಾಸ್ಟಿಂಗ್ (ಒತ್ತಡದ ಗಾಳಿಯಲ್ಲಿ ಹರಳು ಚಿಮ್ಮಿಸಿ ತುಕ್ಕು ಕೀಳುವುದು) ಆಗಬೇಕು: ಬೂದು ಬಿಳುಪಿನ ಲೋಹ ಕಾಣಬೇಕು, ಉಳಿದರೆ ಮಸುಕು ಚುಕ್ಕೆ ಗೆರೆಗಳಷ್ಟೇ. ಮೈ 30ರಿಂದ 75 ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಒರಟಾಗಿರಬೇಕು. ಆಮೇಲೆ ಅಂಚು, ಬೆಸುಗೆ, ತೂತುಗಳಿಗೆ ಬ್ರಶ್ಶಿನಲ್ಲಿ ಪಟ್ಟಿ ಕೋಟು, ಒಟ್ಟು 320 ಮೈಕ್ರಾನ್ ಎಪಾಕ್ಸಿ, ಅಂದರೆ ಎರಡು ಡಬ್ಬಿಯ ದ್ರವ ಬೆರೆಸಿ ಬಳಿಯುವ ಗಟ್ಟಿ ಬಣ್ಣ. ಅಳತೆಗಳಲ್ಲಿ ಶೇ 90ರಷ್ಟು 320 ಮುಟ್ಟಲೇಬೇಕು, ಉಳಿದವೂ 288ಕ್ಕಿಂತ ಇಳಿಯುವಂತಿಲ್ಲ. ಬ್ಲಾಸ್ಟಿಂಗಿಗೆ ಕಾಪರ್ ಸ್ಲ್ಯಾಗ್ ಅಥವಾ ಗಾರ್ನೆಟ್ ಬಳಸಬೇಕು. ಹೊಳೆ ಮರಳಿನ ಧೂಳು ಕೆಲಸಗಾರನ ಶ್ವಾಸಕೋಶ ತಿನ್ನುತ್ತದೆ.

ಇದೇ ನಿಯಮದಲ್ಲಿ ಬಯಲುಸೀಮೆಯವರು ಎರಡು ಸಲ ಓದಬೇಕಾದ ಒಂದು ಸಾಲಿದೆ. ಬಣ್ಣದ ಕೆಳಗೆ ಕರಗುವ ಉಪ್ಪು ಚದರ ಮೀಟರಿಗೆ 50 ಮಿಲಿಗ್ರಾಂ ಮೀರಬಾರದು. ‘ನಮ್ಮಲ್ಲಿ ಸಮುದ್ರವೇ ಇಲ್ಲ, ಉಪ್ಪೆಲ್ಲಿಂದ?’ ಎಂದು ಕೇಳಬಹುದು. ಬೋರ್‌ವೆಲ್‌ನಿಂದ! ಪಾವಗಡ, ಮಧುಗಿರಿ ಕಡೆಯ ಕೊಳವೆಬಾವಿ ನೀರಿನ ಗಡಸು ಎಲ್ಲರಿಗೂ ಗೊತ್ತು. ಬ್ಲಾಸ್ಟಿಂಗಿಗೆ ಮೊದಲೋ ಆಮೇಲೋ ಗೇಟನ್ನು ಆ ನೀರಿನಲ್ಲಿ ತೊಳೆದು ಒಣಗಲು ಬಿಟ್ಟರೆ ಏನಾಗುತ್ತದೆ, ಲೆಕ್ಕ ಹಾಕಿ. ಕಬ್ಬಿಣದ ಮೇಲೆ 0.1 ಮಿ.ಮೀ. ದಪ್ಪದ ನೀರಿನ ಪೊರೆ ಉಳಿಯಿತು ಎನ್ನೋಣ. ಚದರ ಮೀಟರಿಗೆ 100 ಮಿಲಿಲೀಟರ್ ಆಯಿತು. ನೀರಿನಲ್ಲಿ ಲೀಟರಿಗೆ 1,500 ಮಿಲಿಗ್ರಾಂ ಲವಣವಿದ್ದರೆ, ಒಣಗಿದ ಮೇಲೆ ಉಳಿಯುವುದು 150 ಮಿಲಿಗ್ರಾಂ. ಅದರಲ್ಲಿ ಸುಣ್ಣದಂಶ ಕಳೆದು ಅರ್ಧ ಮಾತ್ರ ಮತ್ತೆ ಕರಗುತ್ತದೆ ಎಂದುಕೊಂಡರೂ 75, ಮಿತಿಗಿಂತ ಒಂದೂವರೆ ಪಟ್ಟು. ಗೇಟು ನೀರಿಗಿಳಿದ ಮೇಲೆ ಆ ಉಪ್ಪು ಎಪಾಕ್ಸಿಯ ಮೂಲಕವೇ ನೀರನ್ನು ಒಳಗೆ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದಾಗ ಬೈಗುಳ ಮಾತ್ರ ಬಣ್ಣದ ಕಂಪನಿಗೆ. ಊರಿನ ಶುದ್ಧ ನೀರಿನ ಘಟಕದಿಂದ ನಾಲ್ಕು ಕ್ಯಾನ್ ತಂದು ಕೊನೆಯ ತೊಳೆತ ಅದರಲ್ಲಿ ಮಾಡಿ, ಕೂಡಲೇ ಗಾಳಿ ಹೊಡೆದು ಒಣಗಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಹೊತ್ತಿನ ವಿಷಯವೂ ಇದೆ. ಗಾಳಿಯ ತೇವಾಂಶ ಶೇ 85 ಮೀರಿದಾಗ ಬಣ್ಣ ಬಳಿಯುವಂತಿಲ್ಲ; ಕಬ್ಬಿಣದ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಕಾರ್ತಿಕದ ಬೆಳಿಗ್ಗೆ ಗಾಳಿ 20 ಡಿಗ್ರಿ, ತೇವಾಂಶ ಶೇ 80 ಇದ್ದರೆ ಇಬ್ಬನಿ ಬಿಂದು ಸುಮಾರು 16½, ಕಬ್ಬಿಣ 19½ ಆದರೂ ಇರಬೇಕು. ಆದರೆ ಬಯಲಲ್ಲಿ ಬಿದ್ದ ತಗಡು ರಾತ್ರಿಯಲ್ಲಿ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಸಂಜೆ ಬ್ಲಾಸ್ಟಿಂಗ್ ಮುಗಿಸಿ ‘ಬೆಳಿಗ್ಗೆ ಬೇಗ ಬಂದು ಹೊಡೆಯೋಣ’ ಎಂದು ಹೋದವರು ಬೆಳಿಗ್ಗೆ ಕಾಣುವುದು ಕಂದು ಬಣ್ಣದ ಗೇಟನ್ನು. ಬೆಳಿಗ್ಗೆ ಬ್ಲಾಸ್ಟಿಂಗ್, ಅದೇ ದಿನ ಬಿಸಿಲಿರುವಾಗಲೇ ಮೊದಲ ಕೋಟು. ಬೇರೆ ದಾರಿಯಿಲ್ಲ.

ಬಿಲ್ ಪರಿಶೀಲಿಸುವವರಿಗೆ ಒಂದು ಸರಳ ಲೆಕ್ಕ. ಶೇ 80 ಘನಾಂಶದ ಎಪಾಕ್ಸಿ ಒಣಗಿ 160 ಮೈಕ್ರಾನ್ ಆಗಬೇಕಾದರೆ ಒದ್ದೆಯಾಗಿ 200 ಮೈಕ್ರಾನ್ ಕೂರಬೇಕು. ಒಂದು ಲೀಟರಿಗೆ 5 ಚದರ ಮೀಟರ್. ಸ್ಪ್ರೇಯಲ್ಲಿ ಶೇ 30 ಪೋಲು ಎಂದರೆ ಮೂರೂವರೆ. ಎರಡೂ ಬದಿ, ಗರ್ಡರ್ ಎಲ್ಲ ಸೇರಿ 14 ಚದರ ಮೀಟರಿನ ಗೇಟಿಗೆ ಎರಡು ಕೋಟಿಗೆ 8 ಲೀಟರ್ ಬೇಕು. ಸ್ಥಳದಲ್ಲಿ ಎರಡೂ ಡಬ್ಬಿ ಸೇರಿ 4 ಲೀಟರಿನ ಒಂದೇ ಜೋಡಿ ಖಾಲಿಯಾಗಿದ್ದರೆ ಉಳಿದದ್ದು ತಿನ್ನರ್ ಎಂದೇ ಅರ್ಥ. ನೀರಿನಿಂದ ಮೇಲಿರುವ, ಬಿಸಿಲಿಗೆ ಬೀಳುವ ಭಾಗಕ್ಕೆ ಪಾಲಿಯುರೆಥೇನ್ ಮೇಲ್ಕೋಟು ಬೇಕು. ಬರೀ ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ.

ಇನ್ನು ಸತುವಿನ ಗಟ್ಟಿ. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ವಿದ್ಯುತ್ ಸಲೀಸಾಗಿ ಹರಿದು, ಸತು ತಾನು ಸವೆದು ಕಬ್ಬಿಣ ಉಳಿಸುತ್ತದೆ. ಲೀಟರಿಗೆ 350 ಮಿಲಿಗ್ರಾಂ ಲವಣವಿರುವ ಕೆರೆಯಲ್ಲಿ ಅದೇ ಹರಿವಿಗೆ ನೂರು ಪಟ್ಟು ಅಡ್ಡಿ. ಸತು ಮತ್ತು ರಕ್ಷಿತ ಕಬ್ಬಿಣದ ನಡುವೆ ಆ ಹರಿವನ್ನು ತಳ್ಳಲು ಇರುವುದೇ ಕಾಲು ವೋಲ್ಟ್. ಸಾಲದ್ದಕ್ಕೆ ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಬಿಳಿ ಪೊರೆ ಕಟ್ಟಿ ಅದು ಸುಮ್ಮನೆ ಕೂರುತ್ತದೆ. ಎರಡು ವರ್ಷವಾದರೂ ಸವೆಯದ ಗಟ್ಟಿಯನ್ನು ತೋರಿಸಿ ‘ಒಳ್ಳೆ ಮಾಲು’ ಎನ್ನುವವರಿದ್ದಾರೆ. ಸವೆದಿಲ್ಲ ಎಂದರೆ ದುಡಿದಿಲ್ಲ ಎಂದೇ ಲೆಕ್ಕ. ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ (ಹೀಗೆ ತಾನು ಸವೆದು ಕಬ್ಬಿಣ ಕಾಯುವ ಗಟ್ಟಿ) ಬೇಕು. ಅದೂ ಅತಿಯಾದರೆ ಬಣ್ಣವನ್ನೇ ಎಬ್ಬಿಸುತ್ತದೆ. ಹಾಗಾಗಿ ನೀರಿನ ವಾಹಕತೆ ಅಳೆದು, ಬಣ್ಣ ಎಷ್ಟು ಜಾಗದಲ್ಲಿ ಹೋಗಿದೆ ನೋಡಿ ತೂಕ ನಿರ್ಧರಿಸಬೇಕು. ಇಂಥ ಅಡ್ಡ ಪರಿಣಾಮ ಹೊಸದೇನಲ್ಲ: 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಹಡಗಿನ ತಾಮ್ರದ ಹೊದಿಕೆಯನ್ನು ಹೀಗೇ ಕಾಪಾಡಿದಾಗ, ತಾಮ್ರ ಕರಗುವುದು ನಿಂತು ಅದರ ಮೇಲೆ ಚಿಪ್ಪುಜೀವಿಗಳು ಮೆತ್ತಿಕೊಂಡವು. ಆನೋಡ್ ನೀರಿನಲ್ಲಿ ಮುಳುಗಿದ್ದಾಗಷ್ಟೇ ಕೆಲಸ ಮಾಡುತ್ತದೆ, ಏರಿಳಿಯುವ ನೀರಿನ ಗೆರೆಯನ್ನು ಕಾಯುವುದು ಬಣ್ಣವೇ. ಮತ್ತೆ, ದಯವಿಟ್ಟು ಆನೋಡಿಗೆ ಬಣ್ಣ ಬಳಿಯಬೇಡಿ.

ರಬ್ಬರ್ ಸೀಲಿನ ಪಟ್ಟಿಗೆ ಸ್ಟೇನ್‌ಲೆಸ್ ಬೋಲ್ಟ್, ಪಟ್ಟಿ ಹಾಕುವುದು ಸರಿ. ಆದರೆ ‘ಸ್ಟೇನ್‌ಲೆಸ್ಸಿಗೆ ಬಣ್ಣ ಏಕೆ’ ಎಂದು ಅದನ್ನು ಬಿಟ್ಟು ಬರೀ ಕಬ್ಬಿಣಕ್ಕೆ ಬಳಿದರೆ, ಪಕ್ಕದ ಬಣ್ಣದಲ್ಲಿ ಬಿದ್ದ ಒಂದು ಗೀರಿನ ಮೇಲೆ ಇಡೀ ಸ್ಟೇನ್‌ಲೆಸ್ ಮೈಯ ಹಸಿವು ಎರಗುತ್ತದೆ. ಅಲ್ಲಿ ಕುಳಿ ಆಳಕ್ಕಿಳಿಯುತ್ತದೆ. ಎರಡಕ್ಕೂ ಬಳಿಯಬೇಕು, ಒಂದಕ್ಕೇ ಎನ್ನುವುದಾದರೆ ಸ್ಟೇನ್‌ಲೆಸ್ಸಿಗೆ ಬಳಿಯುವುದೇ ಮೇಲು.

ಅಡ್ಡ ಗರ್ಡರುಗಳಲ್ಲಿ ನೀರು, ಹೂಳು ನಿಲ್ಲದಂತೆ 50 ಮಿ.ಮೀ. ತೂತುಗಳಿರಲಿ. ಟೆಂಡರಿನಲ್ಲಿ ಬ್ಲಾಸ್ಟಿಂಗ್ ಮಟ್ಟ, ಉಪ್ಪಿನ ಪರೀಕ್ಷೆ, ಒಣಪದರದ ಮೈಕ್ರಾನ್ ಮೂರನ್ನೂ ಬೇರೆ ಬೇರೆ ಬಾಬ್ತಾಗಿ, ಬೇರೆ ದರ ಹಾಕಿ ಬರೆಯಿರಿ. ‘ಬಣ್ಣ ಬಳಿಯುವುದು, ಎಲ್ಲ ಸೇರಿ’ ಎಂದು ಒಂದೇ ಸಾಲು ಬರೆದರೆ ಮೊದಲು ಬಿಟ್ಟುಹೋಗುವುದು ಬ್ಲಾಸ್ಟಿಂಗೇ. ಗೇಟಿನ ಬುಡ ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಾರ್ಯಾದೇಶ ಜೂನಿನಲ್ಲಿ ಕೈಗೆ ಬಂದರೆ ಮೇಲೆ ಹೇಳಿದ ಯಾವುದನ್ನೂ ಮಾಡಲಾಗದು; ಟೆಂಡರು ಜನವರಿಯಲ್ಲೇ ಕರೆಯಲಿ.

ಗೇಟು ಫ್ಯಾಬ್ರಿಕೇಶನ್ ಮತ್ತು ಪೇಂಟಿಂಗ್ ಕೆಲಸದವರು,
ತುಮಕೂರು